ಫ್ರಿಜ್ ಅಂದ್ರೆ ಫ್ರಿಜ್

ಒಂಬತ್ತನೇ ತರಗತಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಹಾಜರಿ ಹಾಕುವ ಟೀಚರ್ ಒಬ್ಬರೇ. ಉಳಿದವರಿಗೆಲ್ಲ ಅವಳು ಅಂದ್ರೇನಮ್ಮ. ಯಾರು ಏನು ಹೇಳಿದರೂ "ಅಂದ್ರೇನು?" ಎಂದು ಕೇಳದೆ ಬಿಡುವವಳಲ್ಲ ಎಂದು ಬಿದ್ದ ಹೆಸರು. ಗಣಿತ, ವಿಜ್ಞಾನದ ಪಿರಿಯಡ್‌ಗಳಲ್ಲಿ ಈ ಚಾಳಿಯಿಂದ ಅವಳಿಗೆ ಲಾಭವೇ ಆಗಿತ್ತು. ಅಲ್ಲಿ ಕೇಳಿದರೆ ಉತ್ತರ ಸಿಗುತ್ತಿತ್ತು, ಸಿಕ್ಕ ಉತ್ತರ ಮರುದಿನವೂ ಅದೇ ಆಗಿರುತ್ತಿತ್ತು. ಅವಳು ಪೇಚಿಗೆ ಬಿದ್ದದ್ದು ಪದ್ಯದಲ್ಲಿ.

ಹಳೆಯ ಟೀಚರ್ ಇದ್ದಷ್ಟು ಕಾಲ ಪದ್ಯವೂ ತಂಟೆ ಮಾಡಿರಲಿಲ್ಲ. ಅವರು ಸಾರಾಂಶವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಮಕ್ಕಳು ಇಳಿಸಿಕೊಂಡು ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು. ಅವರು ಹೆರಿಗೆ ರಜೆಗೆ ಹೋದ ಮೇಲೆ ಬಂದ ಹೊಸ ಮಿಸ್ ಬೋರ್ಡಿನ ಕಡೆ ತಿರುಗುತ್ತಲೇ ಇರಲಿಲ್ಲ. ಕಿಟಕಿಗೆ ಒರಗಿ ನಿಂತು ಪದ್ಯ ಓದಿ, ಪುಸ್ತಕ ಮುಚ್ಚಿ, "ನಿಮಗೆ ಏನನ್ನಿಸ್ತು?" ಎಂದು ಕೇಳುತ್ತಿದ್ದರು. ಏನನ್ನಿಸಬೇಕಿತ್ತು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮೊದಲು ಓದಿದ್ದು ಒಂದು ಮುಚ್ಚಿದ ಕಿಟಕಿಯ ಪದ್ಯ. ಹುಡುಗಿ ಎದ್ದು ನಿಂತು, "ಕಿಟಕಿ ಮುಚ್ಚಿದೆ ಅನ್ನಿಸ್ತು ಮಿಸ್" ಎಂದಳು. ಪಕ್ಕದವಳು "ಯಾರಿಗೋ ಕಾಯ್ತಾ ಇರೋದು ಮಿಸ್" ಎಂದಳು. ಕೊನೆಯ ಬೆಂಚಿನ ಉದ್ದನೆಯ ಹುಡುಗ, ಯಾವ ಪದ್ಯ ಕೇಳಿದರೂ ಒಂದೇ ಉತ್ತರ ಕೊಡುವವನು, "ಸಾವು ಮಿಸ್" ಎಂದ. ಮಿಸ್ ಮೂವರಿಗೂ "ಚೆನ್ನಾಗಿದೆ" ಎಂದುಬಿಟ್ಟರು.

"ಮೂರೂ ಹೇಗೆ ಮಿಸ್ ಸರಿ ಆಗುತ್ತೆ?" ಹುಡುಗಿ ಕೂರಲಿಲ್ಲ. "ಕಾಯೋದರ ಬಗ್ಗೆ ಹೇಳ್ಬೇಕಿದ್ರೆ ಕಾಯ್ತಿದೀನಿ ಅಂತಾನೇ ಬರೀಬಹುದಿತ್ತಲ್ವಾ? ಪಾಪ, ಆ ಕಿಟಕಿಗೆ ಯಾಕೆ ತೊಂದ್ರೆ ಕೊಡ್ಬೇಕಿತ್ತು?"

ತರಗತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಿಸ್ ನಗಲಿಲ್ಲ. "ಒಳ್ಳೇ ಪ್ರಶ್ನೆ. ನಾಳೆ ಮಾತಾಡೋಣ" ಎಂದರು. ನಾಳೆ ಬಂತು, ನಾಡಿದ್ದೂ ಬಂತು. ಅವರಾಗಿ ಆ ಮಾತೆತ್ತಲಿಲ್ಲ, ಇವಳಿಗೂ ಮತ್ತೆ ಕೇಳಿ ನಗೆಪಾಟಲಾಗುವ ಮನಸ್ಸಾಗಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಮಿಸ್ ಎಲ್ಲರೂ ಒಂದೊಂದು ಪದ್ಯ ಬರೆದು ತರಬೇಕೆಂದರು. "ಚಂದ್ರ ಬೇಡ, ಹೂವು ಬೇಡ, ತಾಯಿಯ ಪ್ರೀತಿ ಬೇಡ. ನಿಮ್ಮ ಮನೇಲಿರೋ ಒಂದು ವಸ್ತು. ಅದು ಹೇಗಿದೆಯೋ ಹಾಗೆ ಬರೀರಿ, ಸಾಕು." ಹುಡುಗಿಗೆ ಹೋದ ಜೀವ ಬಂದ ಹಾಗಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಪ್ರಯೋಗಾಲಯದ ವರದಿಯ ಹಾಗೆಯೇ ಅಲ್ಲವೆ? ಅದು ಅವಳಿಗೆ ಕೈವಶವಾಗಿದ್ದ ವಿದ್ಯೆ.

ಅವರ ಮನೆಯೆಂದರೆ ಎರಡನೇ ಮಹಡಿಯ ಮೇಲೆ ಒಂದು ಹಜಾರ, ಒಂದು ಕೋಣೆ, ಊಟದ ಮೇಜೂ ಹಿಡಿಸಿಕೊಂಡ ಒಂದು ಅಡುಗೆಮನೆ. ಅಪ್ಪನದು ಫ್ರಿಜ್ ಮತ್ತು ವಾಷಿಂಗ್ ಮಷೀನ್ ರಿಪೇರಿಯ ಅಂಗಡಿ. ಅಮ್ಮ ಕಣ್ಣಿನ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಕೂತು, ಬಂದವರಿಗೆ ಟೋಕನ್ ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ "ಸ್ವಲ್ಪ ಕೂತಿರಿ, ಕರೀತಾರೆ" ಎನ್ನುವವಳು. ಅಪ್ಪನ ತಾಯಿ, ಅಜ್ಜಿ, ಅಡುಗೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲರ ಮೇಲೂ ಕಣ್ಣಿಟ್ಟಿರುವವಳು. ಆ ಅಡುಗೆಮನೆಯಲ್ಲಿದ್ದ ಫ್ರಿಜ್, ರಿಪೇರಿಗೆ ಕೊಟ್ಟವರು ವಾಪಸ್ ಒಯ್ಯಲು ಬಾರದೆ ಅಪ್ಪನ ಕೊರಳಿಗೇ ಬಿದ್ದದ್ದು. ಊರಿನವರ ಫ್ರಿಜ್‌ಗಳಿಗೆಲ್ಲ ಜೀವ ಕೊಡುವ ಅಪ್ಪ ಇದಕ್ಕೆ ಮಾತ್ರ "ಈ ಭಾನುವಾರ ನೋಡೋಣ" ಎನ್ನುತ್ತಲೇ ಬಂದಿದ್ದ.

ಹುಡುಗಿ ಅದರ ಎದುರಿಗೇ ಕೂತಳು. ಮೊದಲು ಪ್ರಾಸ ಹಾಕಲು ಹೊರಟಳು. ಫ್ರಿಜ್ಜಿಗೆ ಬ್ರಿಜ್ಜು ಬಿಟ್ಟರೆ ಬೇರೆ ಹೊಂದಲಿಲ್ಲ, ಅಡುಗೆಮನೆಯಲ್ಲಿ ಬ್ರಿಜ್ಜು ಎಲ್ಲಿಂದ ತರುವುದು? ಪ್ರಾಸವನ್ನು ಕೈಬಿಟ್ಟು ಕಂಡದ್ದನ್ನಷ್ಟೇ ಬರೆದಳು. ಬಾಯಲ್ಲಿ ಹೇಳಿಕೊಂಡು ನೋಡಿದರೆ ಕೊನೆಯ ಹತ್ತಿರ ಒಂದು ಕಡೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದಂತೆ ಆಗುತ್ತಿತ್ತು. ಅಲ್ಲಿ ಏನೋ ಒಂದು ಸಾಲು ಬೇಕಿತ್ತು. ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಾಗ ತಾನಾಗಿ ಒಂದು ಸಾಲು ಬಂತು. ಹಾಕಿದಳು. ಕುಂಟುವುದು ನಿಂತಿತು. ಪದ್ಯ ಹೀಗಿತ್ತು:

ನಮ್ಮ ಮನೆಯ ಫ್ರಿಜ್
ಗೊಣಗುತ್ತಲೇ ಇರುತ್ತದೆ.
ಯಾರಿಗೂ ಕೇಳಿಸುವುದಿಲ್ಲ.
ಒಮ್ಮೆ ಗಡಗಡ ನಡುಗಿ
ಸುಮ್ಮನಾಗುತ್ತದೆ.
ಆಗ ಎಲ್ಲರೂ ತಲೆಯೆತ್ತುತ್ತೇವೆ.
ಏನಾಯಿತು ಎಂದು ಯಾರೂ ಕೇಳುವುದಿಲ್ಲ.
ಮತ್ತೆ ಶುರುವಾದರೆ
ಸದ್ಯ ಎಂದುಕೊಂಡು
ಊಟ ಮುಂದುವರಿಸುತ್ತೇವೆ.

ಸೋಮವಾರ ಎಲ್ಲರೂ ಹಾಳೆಗಳನ್ನು ಒಪ್ಪಿಸಿದರು. ಮಂಗಳವಾರ ಕೊನೆಯ ಗಂಟೆ ಹೊಡೆದ ಮೇಲೆ ಮಿಸ್ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ತರಗತಿಯ ಬಾಗಿಲನ್ನು ಮುಂದಕ್ಕೆ ಮಾಡಿದರು. ಏನು ತಪ್ಪಾಯಿತೋ ಎಂದು ಹುಡುಗಿ ಚೀಲವನ್ನು ಹೆಗಲಿಗೇರಿಸಿಕೊಂಡೇ ನಿಂತಳು.

"ತುಂಬಾ ಚೆನ್ನಾಗಿ ಬರ್ದಿದ್ದೀಯ" ಎಂದರು ಮಿಸ್, ಆದರೆ ಹೊಗಳುವ ಮುಖವಾಗಿರಲಿಲ್ಲ ಅದು. "ಮನೇಲಿ ಎಲ್ಲ ಸರಿಯಾಗಿದೆಯಾ ಮರಿ?"

"ಇಲ್ಲ ಮಿಸ್" ಎಂದಳು ಹುಡುಗಿ ಪ್ರಾಮಾಣಿಕವಾಗಿ. "ಥರ್ಮೋಸ್ಟಾಟ್ ಹೋಗಿರ್ಬೇಕು."

"ಹಾಗಲ್ಲ. ಮನೆಯವರು... ಒಬ್ಬರಿಗೊಬ್ಬರು ಚೆನ್ನಾಗಿದಾರಾ? ಯಾರಿಗಾದರೂ ಸಿಟ್ಟು ಜಾಸ್ತೀನಾ?"

"ಮಿಸ್, ನಾನು ಬರ್ದಿದ್ದು ಫ್ರಿಜ್ಜಿನ ಬಗ್ಗೆ."

"ಗೊತ್ತು, ಗೊತ್ತು" ಎಂದು ಮಿಸ್ ಅವಳ ಭುಜ ತಟ್ಟಿದರು. ಆ ತಟ್ಟುವಿಕೆಯಲ್ಲಿ ಎಷ್ಟು ಅನುಕಂಪವಿತ್ತೆಂದರೆ ಹುಡುಗಿಗೆ ಸುಮ್ಮಸುಮ್ಮನೆ ಅಳು ಬರುವಂತಾಯಿತು. ಅವಳ ಕಣ್ಣು ತೇವವಾದದ್ದನ್ನು ಕಂಡು ಮಿಸ್‌ಗೆ ಇನ್ನು ಸಂಶಯವೇ ಉಳಿಯಲಿಲ್ಲ. ಅಂದೇ ಅವಳ ಅಮ್ಮನಿಗೆ ಫೋನ್ ಮಾಡಿದರು.

ಮರುದಿನ ಅಮ್ಮ ಅರ್ಧ ದಿನ ರಜೆ ಹಾಕಿ ಬಂದಳು. ಟೀಚರುಗಳ ಕೋಣೆ ತುಂಬಿದ್ದರಿಂದ ಮೂವರೂ ಹೊರಗಿನ ಬೆಂಚಿನ ಮೇಲೆ ಕೂತರು. ಮಿಸ್ ದನಿ ತಗ್ಗಿಸಿ, "ಗಾಬರಿ ಆಗ್ಬೇಡಿ. ಇವಳ ತಂದೆ ಮನೇಲಿ ಸ್ವಲ್ಪ ಕೂಗಾಡ್ತಾರಾ?" ಎಂದರು.

"ಅವ್ರಾ?" ಅಮ್ಮ ಕಕ್ಕಾಬಿಕ್ಕಿಯಾದಳು. "ಕೂಗೋದು ಹಾಗಿರ್ಲಿ, ಕರೆದ್ರೆ ಓ ಅನ್ನೋದೇ ಕಷ್ಟ. ಯಾಕೆ ಮೇಡಂ?"

ಮಿಸ್ ಹಾಳೆಯನ್ನು ಅವಳ ಕೈಗಿತ್ತರು. ಅಮ್ಮ ಓದುವಾಗ ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ತುಟಿ ನಿಂತಿತು. ಮತ್ತೆ ಮೇಲಿನಿಂದ ಓದಿದಳು. ಆಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ, "ಇದನ್ನ ನಾನು ತಗೊಂಡು ಹೋಗ್ಲಾ?" ಎಂದು ಕೇಳಿ, ಮಿಸ್ ಹೌದೆನ್ನುವ ಮೊದಲೇ ಕೈಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಇಳಿಯುವ ನಿಲ್ದಾಣ ಹತ್ತಿರವಾದಾಗ ತಿರುಗಿ, "ನಾನು ಅಷ್ಟೊಂದು ಗೊಣಗ್ತೀನಾ?" ಎಂದಳು.

ಹುಡುಗಿಗೆ ತಲೆಬುಡ ಅರ್ಥವಾಗಲಿಲ್ಲ. "ನೀನಲ್ಲಮ್ಮ, ಫ್ರಿಜ್ಜು!"

"ಹೂಂ" ಎಂದಳು ಅಮ್ಮ. "ಫ್ರಿಜ್ಜು."

ಸಂಜೆ ಅಪ್ಪ ಬಂದು ಕೈಗೆ ಹತ್ತಿದ ಗ್ರೀಸನ್ನು ತೊಳೆದುಕೊಂಡು ಮೇಜಿನ ಮುಂದೆ ಕೂತ. ಅಮ್ಮ ತಟ್ಟೆ ಇಡುವ ಬದಲು ಅವನ ಮುಂದೆ ಆ ಹಾಳೆಯನ್ನಿಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡು ಓದಿದ. ಅವನ ಕಿವಿ ಕೆಂಪಗಾಯಿತು.

"ಅಲ್ವೇ, ಊರವರ ಫ್ರಿಜ್ಜೆಲ್ಲ ರಿಪೇರಿ ಮಾಡೋನು ನಾನು. ನಮ್ಮನೆ ಫ್ರಿಜ್ಜೇ ಕೆಟ್ಟು ಕೂತಿದೆ ಅಂತ ಸ್ಕೂಲಿಗೆಲ್ಲ ಡಂಗುರ ಹೊಡೆದು ಬಂದ್ಯಾ? ಅಲ್ಲಿಯ ಟೀಚರುಗಳು ನನ್ನ ಅಂಗಡಿಗೆ ಬರ್ತಾರಾ ಇನ್ನು?"

"ಏನದು, ಓದಿ ಹೇಳಿ, ನಾನೂ ಕೇಳ್ತೀನಿ" ಎಂದಳು ಮೂಲೆಯಿಂದ ಅಜ್ಜಿ. ಹುಡುಗಿಯೇ ಓದಿ ಹೇಳಬೇಕಾಯಿತು. ಅಜ್ಜಿ ಕಣ್ಣು ಮುಚ್ಚಿ ಕೇಳಿ, ದೊಡ್ಡದೊಂದು ಉಸಿರು ಬಿಟ್ಟಳು. "ಫ್ರಿಜ್ಜೂ ಅಲ್ಲ ಪಜ್ಜೂ ಅಲ್ಲ ಕಣೋ. ಮೂಲೇಲಿ ಕೂತು ಗೊಣಗೋಳು ಈ ಮನೇಲಿ ಇನ್ಯಾರು? ನನ್ನ ಬಗ್ಗೆ ಬರ್ದಿದಾಳೆ. ಬರೀಲಿ ಬಿಡು. ನಾನು ಒಂದಿನ ಸುಮ್ಮನಾದ್ರೂ ನೀವು ಊಟ ಮುಂದುವರಿಸೋರೇ."

"ಅತ್ತೆ, ಅದು ನೀವಲ್ಲ" ಎಂದಳು ಅಮ್ಮ.

"ಮತ್ತೆ?"

"ನಾನು."

"ನೀನು ಎಲ್ಲಿ ಗೊಣಗ್ತೀಯ? ನಾನು ಕಣೆ ಗೊಣಗೋದು!" ಅಜ್ಜಿ ಬಿಟ್ಟುಕೊಡಲು ತಯಾರಿರಲಿಲ್ಲ. ಫ್ರಿಜ್ಜಾಗುವುದಕ್ಕೆ ಇಬ್ಬರಲ್ಲೂ ಪೈಪೋಟಿ ಬಿತ್ತು. ಅಪ್ಪ ನಡುವೆ ಬಾಯಿ ಹಾಕಿ, ಕಂಪ್ರೆಸರ್ ಮಾತ್ರ ಚೆನ್ನಾಗಿಯೇ ಇದೆ ಎಂದು ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟ.

"ಅಯ್ಯೋ, ಫ್ರಿಜ್ ಅಂದ್ರೆ ಫ್ರಿಜ್!" ಹುಡುಗಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂಗಿದಳು.

ಫ್ರಿಜ್ ಗಡಗಡ ನಡುಗಿ ಸುಮ್ಮನಾಯಿತು. ನಾಲ್ವರೂ ತಲೆಯೆತ್ತಿದರು. ದಿನಾ ಆಗುವುದೇ, ಆದರೆ ತಾವು ತಲೆಯೆತ್ತಿದ್ದು ಈ ಸಲ ಎಲ್ಲರ ಗಮನಕ್ಕೂ ಬಂತು.

ಆ ನಿಶ್ಶಬ್ದದಲ್ಲಿ ಅಮ್ಮ ತಣ್ಣಗೆ ಹೇಳಿದಳು: "ಹೋದ ತಿಂಗಳು ಎರಡು ದವಡೆ ಹಲ್ಲು ಕೀಳಿಸ್ಕೊಂಡು ಬಂದೆ."

"ಯಾವಾಗ?" ಎಂದ ಅಪ್ಪ.

"ಅದೇ. ಯಾವಾಗ ಅಂತ ಈಗ ಕೇಳ್ತಿದೀರ. ಆಸ್ಪತ್ರೆಯಿಂದ ಹಾಗೇ ಹೋಗಿ ಕೀಳಿಸ್ಕೊಂಡು, ಬಂದು ಅಡುಗೆ ಮಾಡಿದೆ. ಕೆನ್ನೆ ಇಷ್ಟು ದಪ್ಪ ಊದಿತ್ತು. ಎಷ್ಟೋ ದಿನ ಬ್ರೆಡ್ಡನ್ನ ಹಾಲಲ್ಲಿ ಅದ್ದಿಕೊಂಡು ತಿಂದೆ. ಬಾಯಿ ತೆಗೆಯೋಕೆ ಆಗ್ತಿರ್ಲಿಲ್ಲ, ಮಾತೇ ಆಡ್ತಿರ್ಲಿಲ್ಲ. ಏನಾಯ್ತು ಅಂತ ಒಬ್ಬರಾದ್ರೂ ಕೇಳಿದ್ರಾ? ನಾನೂ ಹಠಕ್ಕೆ ಹೇಳ್ಲಿಲ್ಲ." ಅವಳು ಮಗಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಹುಡುಗಿಗೆ ಇನ್ನಷ್ಟು ಗೊಂದಲವಾದದ್ದು. "ನೀನಾದ್ರೂ ನೋಡಿದ್ಯಲ್ಲ."

ಹುಡುಗಿ ನೋಡಿದ್ದಳೇ? ಬ್ರೆಡ್ಡಿನ ತುಂಡು, ಹಾಲಿನ ಲೋಟ, ಅಮ್ಮನ ಎಡಗೈ ಕೆನ್ನೆಯ ಮೇಲೆ: ಅದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆಗ ತನಗೆ ಬೇಕಾಗಿದ್ದ ಹಾಲು ಖಾಲಿಯಾಯಿತಲ್ಲ ಎಂದುಕೊಂಡದ್ದೂ ನೆನಪಾಯಿತು. ಅಂದರೆ ನೋಡಿದ್ದಾಳೆ. ಆದರೆ ಪದ್ಯ ಬರೆಯುವಾಗ ಅದು ತಲೆಯಲ್ಲಿರಲಿಲ್ಲ, ಆಣೆ ಮಾಡಿ ಬೇಕಾದರೂ ಹೇಳುತ್ತಾಳೆ. ಇರಲಿಲ್ಲವೆ? ಹಾಗಿದ್ದರೆ "ಏನಾಯಿತು ಎಂದು ಯಾರೂ ಕೇಳುವುದಿಲ್ಲ" ಎಂಬ ಆ ಸಾಲು ಎಲ್ಲಿಂದ ಬಂತು? ಕುಂಟುವುದನ್ನು ನಿಲ್ಲಿಸಲು ಹಾಕಿದ್ದು ಎಂದುಕೊಂಡಿದ್ದಳು. ಫ್ರಿಜ್ಜಿಗೆ ಏನಾಯಿತೆಂದು ಮನೆಯಲ್ಲಿ ದಿನಾ ಯಾರಾದರೊಬ್ಬರು ಅಪ್ಪನನ್ನು ಕೇಳುತ್ತಲೇ ಇದ್ದರು! ಹಾಗಾದರೆ ಆ ಸಾಲು ಸುಳ್ಳು. ಸುಳ್ಳು ಸಾಲು ಅಷ್ಟು ಸರಿಯಾಗಿ ಕೂತದ್ದು ಹೇಗೆ?

"ನಾನು ನಿನ್ನ ಬಗ್ಗೆ ಬರೀಲಿಲ್ಲಮ್ಮ" ಎಂದಳು. ತನ್ನ ದನಿ ತನಗೇ ನಂಬಿಕೆ ಬರುವಂತಿರಲಿಲ್ಲ.

ಅಪ್ಪ ಎದ್ದು ಹೋಗಿ ತಟ್ಟೆಗಳನ್ನು ತಾನೇ ತಂದಿಟ್ಟ, ಅದರಲ್ಲಿ ಒಂದನ್ನು ಬೋರಲು ಇಟ್ಟ. ಊಟದ ನಡುವೆ, ತಟ್ಟೆಯಿಂದ ತಲೆಯೆತ್ತದೆಯೇ, "ಈಗ ಅಗಿಯೋಕಾಗುತ್ತಾ?" ಎಂದ. "ಆಗುತ್ತೆ" ಎಂದಳು ಅಮ್ಮ. ಅಂದಿನ ಮಟ್ಟಿಗೆ ಅಷ್ಟೇ.

ಬಂದ ಭಾನುವಾರ ಅವನು ಬೆಳಿಗ್ಗೆಯೇ ಫ್ರಿಜ್ಜನ್ನು ಗೋಡೆಯಿಂದ ಎಳೆದು, ಬೆನ್ನು ಬಿಚ್ಚಿ, ಹಳೆಯ ಭಾಗ ತೆಗೆದು ಹೊಸದು ಹಾಕಿದ. ಮಧ್ಯಾಹ್ನದ ಹೊತ್ತಿಗೆ ಅದು ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ ಓಡತೊಡಗಿತು. ಅಮ್ಮ "ಪರವಾಗಿಲ್ಲ" ಎಂದಳು, ಅಜ್ಜಿ ಮಾತ್ರ ತನಗೆ ಗೊಣಗಲು ಜೊತೆ ತಪ್ಪಿತು ಎಂದು ಮೂಗು ಮುರಿದಳು. ಹುಡುಗಿಗೆ ಬೇರೆಯೇ ಚಿಂತೆ. ಇನ್ನು ತನ್ನ ಪದ್ಯ ನಿಜವೋ ಸುಳ್ಳೋ? ಫ್ರಿಜ್ ಸರಿಹೋದ ಮೇಲೂ ಅಮ್ಮ ಆ ಹಾಳೆಯನ್ನು ಬಿಸಾಡಿರಲಿಲ್ಲ, ಕೈಚೀಲದಲ್ಲೇ ಇಟ್ಟುಕೊಂಡಿದ್ದಳು.

ಸೋಮವಾರ ಅವಳು ಮಿಸ್ ಅವರನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಮಿಸ್, ಗೊತ್ತಿಲ್ಲದೇ ಇರೋದನ್ನ ಬರೆಯೋಕಾಗುತ್ತಾ?"

"ಅಂದ್ರೇನು?" ಎಂದುಬಿಟ್ಟರು ಮಿಸ್, ಇಬ್ಬರಿಗೂ ನಗು ಬಂತು. ಹುಡುಗಿ ಹಲ್ಲಿನ ಕಥೆಯೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಮಿಸ್ ಕೈಯಲ್ಲಿದ್ದ ಪುಸ್ತಕಗಳನ್ನು ಮೆಟ್ಟಿಲ ಮೇಲಿಟ್ಟು ತಾವೂ ಕೂತರು.

"ನಾನು ನಿಮ್ಮಪ್ಪನ ಬಗ್ಗೆ ಅಂದ್ಕೊಂಡಿದ್ದೆ. ತಪ್ಪಾಯ್ತು ಅಂತ ಅವರಿಗೆ ಹೇಳ್ಬೇಕು."

"ಅಪ್ಪನ ಬಗ್ಗೆ ಅಂತ ಯಾಕನ್ನಿಸ್ತು ಮಿಸ್? ಅದರಲ್ಲಿ ಅಪ್ಪ ಅಂತ ಎಲ್ಲೂ ಇಲ್ವಲ್ಲ."

ಮಿಸ್ ಪಕ್ಕದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದರು. "ನಮ್ಮನೇಲಿ ನಮ್ಮಪ್ಪ ಕೂಗ್ತಾ ಇದ್ರೆ ಪರವಾಗಿರ್ಲಿಲ್ಲ. ಸುಮ್ಮನಾದ್ರು ಅಂದ್ರೆ ನಾವೆಲ್ಲ ತಲೆ ಎತ್ತಿ ನೋಡ್ತಿದ್ವಿ" ಎಂದರು. ಆಮೇಲೆ, ಇದನ್ನು ಹೇಳಬಾರದಿತ್ತೇನೋ ಎಂಬಂತೆ ಸೀರೆಯ ಸೆರಗಿಗೆ ಹತ್ತಿದ ಧೂಳು ಕೊಡವಿದರು.

"ಹಾಗಾದ್ರೆ ನನ್ನ ಪದ್ಯ ಯಾರ ಬಗ್ಗೆ ಮಿಸ್?"

"ನೀನು ಯಾರ ಬಗ್ಗೆ ಬರ್ದೆ?"

"ಫ್ರಿಜ್ಜಿನ ಬಗ್ಗೆ. ಆದ್ರೆ ಒಂದು ಸಾಲು ಫ್ರಿಜ್ಜಿಂದಲ್ಲ. ಅದು ಹೇಗೆ ಬಂತು ಅಂತ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಮರಿ" ಎಂದರು ಮಿಸ್. ಟೀಚರೊಬ್ಬರು ಹೀಗೆ ರಾಜಾರೋಷವಾಗಿ ಗೊತ್ತಿಲ್ಲವೆಂದದ್ದನ್ನು ಹುಡುಗಿ ಅದೇ ಮೊದಲು ಕೇಳಿದ್ದು. ಗಂಟೆ ಹೊಡೆಯಿತು, ಮಿಸ್ ಪುಸ್ತಕ ಎತ್ತಿಕೊಂಡು ಹೊರಟರು.

ಮನೆಯಲ್ಲಿ ಅಪ್ಪ ಹೊಸದೊಂದು ಅಭ್ಯಾಸ ಹಚ್ಚಿಕೊಂಡ. ಅಂಗಡಿಯಿಂದ ಬಂದವನೇ ಒಬ್ಬೊಬ್ಬರನ್ನೂ "ಏನಾದ್ರೂ ಆಗಿದ್ಯಾ?" ಎಂದು ವಿಚಾರಿಸಿಕೊಳ್ಳುವನು. ಕೇಳಿ ಕೇಳಿ ಸಾಕಾಗಿ ಅಮ್ಮ, "ರೀ, ಏನೂ ಆಗಿಲ್ಲ. ಆದ್ರೆ ನಾನೇ ಹೇಳ್ತೀನಿ, ಬಿಡಿ" ಎಂದಳು. ಅಜ್ಜಿ ಮಾತ್ರ ಅವನು ಕೇಳಿದಾಗಲೆಲ್ಲ ಮೊಣಕಾಲಿನಿಂದ ಶುರುಮಾಡಿ ಬಹಳ ಹೊತ್ತು ಹೇಳುತ್ತಿದ್ದಳು.

ಮುಂದಿನ ತಿಂಗಳು ಮಿಸ್ ಇನ್ನೊಂದು ಪದ್ಯ ಬರೆಯಲು ಹೇಳಿದರು. ಈ ಸಲ ಹುಡುಗಿ ಯಾರ ತಂಟೆಗೂ ಹೋಗದ ವಸ್ತುವನ್ನು ಹುಡುಕಿದಳು. ಬಕೆಟ್ಟು ಅಪ್ಪನ ಹಾಗೆ ಕಂಡಿತು, ಮೇಜಿನ ಕಾಲು ಅಜ್ಜಿಯ ಹಾಗೆ. ತಲೆ ಕೆಟ್ಟು ಕೊನೆಗೆ ಬಾಗಿಲ ಹೊರಗಿನ ಕಾಲೊರಸನ್ನು ಆರಿಸಿಕೊಂಡು ಕೂತಳು. ನಾಲ್ಕು ಸಾಲು ಆಯಿತು. ಐದನೆಯದು ಕುಂಟಿತು. ಪೆನ್ನಿನ ಮುಚ್ಚಳ ಬಾಯಿಗೆ ಹೋಯಿತು.

ಅಮ್ಮ ಹಿಂದಿನಿಂದ ಬಂದು ಹೆಗಲ ಮೇಲಿಂದ ಇಣುಕಿದಳು. "ಈ ಸಲ ಯಾರ ಬಗ್ಗೆ?"

"ಕಾಲೊರಸು" ಎನ್ನಲು ಬಾಯಿ ತೆರೆದ ಹುಡುಗಿ ತಡೆದುಕೊಂಡಳು. "ಗೊತ್ತಿಲ್ಲಮ್ಮ. ಇನ್ನೂ ಒಂದು ಸಾಲು ಬಂದಿಲ್ಲ."

"ಬರ್ಲಿ" ಎಂದು ಅಮ್ಮ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.