ಬೆನ್ನಳತೆಯ ಕಟ್ಟಿ

ಜೇವರ್ಗಿಯ ಹಳೆ ಬಜಾರದ ಹಮಾಲರ ಭವನ ರಿಪೇರಿಗೆ ಬಿದ್ದ ದಿನದಿಂದ ಅಮೋಘಸಿದ್ದನ ನಿದ್ದೆ ಹಾರಿಹೋಗಿತ್ತು. ಹಾರದೆ ಏನು ಮಾಡೀತು? ಸುಣ್ಣ, ಫರಸಿಕಲ್ಲು, ತಗಡು ಎಲ್ಲವನ್ನೂ ಪುಕ್ಕಟೆ ಕೊಟ್ಟವನು ಕಾಳಿನ ದಲಾಲಿ ನಡೆಸುವ ಅಡತಿ ಅಂಗಡಿಯ ಕಲ್ಯಾಣಕುಮಾರ. ಅವನಪ್ಪನ ಎದುರು ಹಮಾಲರು ಕೂಲಿಗಾಗಿ ಹೋರಾಟ ಕಟ್ಟಿದ್ದೇ ಈ ಭವನದಲ್ಲಿ. ಅಂಥವನ ಮಗ ಈಗ, ಭವನ ಮಕ್ಕಳ ಓದಿಗೆ, ಬಡವರ ಮದುವೆಗೆ, ಊರಿಗೇ ಇರಲಿ ಅನ್ನುತ್ತಾನೆ. ನಂಬಬೇಕಂತೆ! ಕುರಿ ಕಾಯಲು ತೋಳನನ್ನು ಇಟ್ಟಂತಾಯಿತು.

ಕೆಲಸದ ಉಸ್ತುವಾರಿ ಶರಫುದ್ದೀನನದು. ಶರಫುದ್ದೀನ ಅಂದರೆ ಅಮೋಘಸಿದ್ದನ ಜೋಡಿ. ಹಮಾಲಿಯಲ್ಲಿ ಜೋಡಿಯಿಲ್ಲದೆ ಚೀಲ ಏಳುವುದಿಲ್ಲ. ಒಬ್ಬ ಬಗ್ಗಬೇಕು, ಇನ್ನೊಬ್ಬ ಹೊರಿಸಬೇಕು. ಹರೆಯದಿಂದ ಮುಪ್ಪಿನವರೆಗೆ ಇಬ್ಬರೂ ಹೀಗೇ ದುಡಿದು ಉಂಡವರು. ಆ ಶರಫುದ್ದೀನ ಈಗ ದಿನಾ ಕಲ್ಯಾಣಕುಮಾರನ ಗಾದಿಯ ಮೇಲೆ ಕುಳಿತು ಚಹಾ ಕುಡಿಯುತ್ತಾನೆ! ಕಂಡಾಗೆಲ್ಲ ಅಮೋಘಸಿದ್ದ ಹಾದಿ ಬದಲಿಸುತ್ತಿದ್ದ. ಭವನ ಹೋಗಿ, ಜೋಡಿಯೂ ಹೋದರೆ ಈ ಬಜಾರದಲ್ಲಿ ತನಗೆ ಯಾರಿದ್ದಾರೆ?

ಒಂದು ಮುಂಜಾನೆ ಒಳಗೆ ಹಣಿಕಿ ನೋಡಿದ. ಹಿಂದಿನ ಗೋಡೆಗೆ ಹತ್ತಿ ಹೊಸ ಕಟ್ಟಿ ಎದ್ದಿತ್ತು. ಅದಕ್ಕೆ ಬೆನ್ನು ಮಾಡಿ ನಿಂತು, ತುಸು ಬಗ್ಗಿದ. ಅಂಚು ಅಳೆದಂತೆ ಬೆನ್ನಿಗೆ ತಾಗಿತು. ಅಯ್ಯೋ ಶಿವನೇ, ಇದು ಚೀಲ ಇಳಿಸುವ ಎತ್ತರ! ಗೋದಾಮಿನ ಕಟ್ಟಿ! ಸಂಶಯಕ್ಕೆ ಇನ್ನೇನು ಬೇಕು?

ಅಮಾವಾಸ್ಯೆಗೆ ಬಜಾರ ಬಂದ್. ಹಮಾಲರೂ, ಕಾಳು ಹಸನು ಮಾಡುವ ಹೆಣ್ಣುಮಕ್ಕಳೂ ಭವನದಲ್ಲಿ ಕೂಡಿದ್ದರು. ಅಮೋಘಸಿದ್ದ ಎದ್ದೇಬಿಟ್ಟ.

"ಲೇ ಶರಫ್ಯಾ, ಎಷ್ಟಕ್ಕ ಮಾರಿಕೊಂಡಿ? ಈ ಕಟ್ಟಿ ತೊಗರಿ ಚೀಲ ಇಳಸಾಕ ಹೌದಿಲ್ಲೋ? ನಮ್ಮ ಮಂದಿ ಬೆವರು ಸುರಿಸಿ ಕಟ್ಟಿದ್ದನ್ನ ಅಡತಿಯವಗ ಗೋದಾಮ ಮಾಡಿ ಕೊಡಾಕತ್ತಿಯಲ್ಲೋ, ನಾಚಿಕಿ ಬರಂಗಿಲ್ಲ?"

ಶರಫುದ್ದೀನ ಬಾಯಿ ತೆರೆಯುವ ಮೊದಲೇ, ಹೆಣ್ಣುಮಕ್ಕಳ ನಡುವೆ ಕುಳಿತಿದ್ದ ಸುನಿತಾ ಬಿದ್ದು ಬಿದ್ದು ನಕ್ಕಳು.

"ಕಾಕಾ, ಅದು ಸ್ಟೇಜ್ ಐತ್ರಿ! ಎಷ್ಟ ಎತ್ತರ ಬೇಕಂತ ಕಟ್ಟೋ ಗೌಂಡಿ ಕೇಳಿದ. ಈ ಚಾಚಾ ತಮ್ಮ ಬೆನ್ನಿಗೆ ಕೈ ಹಚ್ಚಿ 'ಇಷ್ಟ' ಅಂದ್ರು. ನಾ ಅಲ್ಲೇ ಇದ್ದೆ. ಈಗ ಹುಡುಗ್ರೂ ಹತ್ತಂಗಿಲ್ಲ, ಮುದುಕರೂ ಹತ್ತಂಗಿಲ್ಲ!"

ನಗೆ ಎದ್ದಿತು. ತನ್ನನ್ನು ಕೇಳಿದ್ದರೆ ತಾನೂ ಅದೇ ಅಳತೆ ಹೇಳುತ್ತಿದ್ದೆನೆಂದು ಅಮೋಘಸಿದ್ದನಿಗೆ ಹೊಳೆಯಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಮತ್ತ ದಿನಾ ಅವನ ಗಾದಿ ಮ್ಯಾಲ?" ಎಂದ, ಸೋತ ದನಿಯಲ್ಲಿ.

"ಭವನ ಹಮಾಲರ ಸಂಘದ ಹೆಸರಿಗೇ ಇರ್ಲಿ, ಬರದು ಕೊಡು ಅಂತ ಅವನ ಬೆನ್ನ ಹತ್ತೇನಿ," ಎಂದ ಶರಫುದ್ದೀನ. "ನನಗೂ ಅವನ ಮ್ಯಾಲ ನಂಬಿಕಿ ಇಲ್ಲೋ ಅಮೋಗ್ಯಾ. ನಿನ್ನ ಮ್ಯಾಲ ಇತ್ತು."

"ತಪ್ಪಾತೋ ಮಾರಾಯಾ. ಸ್ಟೇಜ್ ಹತ್ತು, ನಾಲ್ಕ ಮಾತು ನೀನೇ ಹೇಳು," ಎಂದು ಅಮೋಘಸಿದ್ದ ಅವನನ್ನು ಮೇಲೆತ್ತಲು ಹಿಂದೆ ಹೋಗಿ ನಿಂತ.

ಚೀಲಕ್ಕೆ ಬಗ್ಗುವಾಗ ಶರಫುದ್ದೀನ ಯಾವತ್ತೂ ಹಿಂದೆ ನೋಡಿದವನಲ್ಲ. ಇವತ್ತು ಹೊರಳಿ ನೋಡಿದ. ಆಮೇಲೆ ಸುನಿತಾಳನ್ನು ಕರೆದು, ಅವಳ ಹೆಗಲು ಹಿಡಿದು ಹತ್ತಿದ.