ಎಂಟು ದಿನದ ತಟ್ಟುಹಲಗೆ

ವಸ್ತುಸಂಗ್ರಹಾಲಯದ ಹಿರಿಯ ಪಾಲಕನ ನಿವೃತ್ತಿಗೆ ಇನ್ನು ಹನ್ನೊಂದು ದಿನ ಉಳಿದಿತ್ತು. ವಿದ್ಯಾರ್ಥಿಗಳು ಅವನನ್ನು ಬಲ್ಲದ್ದು ಒಂದೇ ಒಂದು ಪುಸ್ತಕದಿಂದ. ಒಂದು ಕುಂಬಾರಕೇರಿಯಲ್ಲಿ ಆಳೆತ್ತರದ ಗುಡಾಣ ಮಾಡುವ ಕಲೆ ನಿಂತುಹೋದ ಬಗೆಯನ್ನು ಅದು ವರ್ಷವಾರು ತೋರಿಸಿತ್ತು. ಪ್ಲಾಸ್ಟಿಕ್ ಡ್ರಮ್ಮು ಬಂತು, ಗುಡಾಣ ಹೋಯಿತು ಎಂಬುದು ತೀರ್ಮಾನ. ಆರನೆಯ ಮುದ್ರಣದ ಕರಡು ಮೇಜಿನ ಮೇಲೇ ಇತ್ತು.

ಅವತ್ತು ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಉಗುರುಸಂದಿಯಲ್ಲಿ ಮಣ್ಣು. ಎರಡನೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿರುವ ತಟ್ಟುಹಲಗೆ ತನ್ನ ತಾಯಿಯದೆಂದಳು. ಹಸಿ ಮಡಕೆಯ ಹೊಟ್ಟೆ ಬಡಿದು ಹಿಗ್ಗಿಸುವ ಮರದ ಹಲಗೆ ಅದು. ತಾಯಿ ಎಡಚಿ, ಅದಕ್ಕೇ ಹಿಡಿ ವಾರೆ.

ಪಾಲಕ ಗೊತ್ತಿದ್ದೂ ದಾಖಲೆ ಪುಸ್ತಕ ತೆರೆದ. ಮೂವತ್ತೆಂಟು ವರ್ಷದ ಹಿಂದಿನ ಅವನದೇ ಅಕ್ಷರ: ‘ದಾನ’.

“ದಾನಾನಾ? ತಗೊಂಡು ಹೋದೋರು ಚಿತ್ರ ಬರ್ಕೊಂಡು ಎಂಟು ದಿನಕ್ಕೆ ವಾಪಸ್ ಕೊಡ್ತೀನಿ ಅಂದಿದ್ರಂತೆ. ನಮ್ಮಮ್ಮ ಅವರನ್ನ ಕನ್ನಡಕದಪ್ಪ ಅಂತಿದ್ಲು. ಓದಿದೋನು, ಇವತ್ತಲ್ಲ ನಾಳೆ ಬರ್ತಾನೆ ಅಂತ ದಾರಿ ನೋಡಿದ್ದೇ ನೋಡಿದ್ದು.”

ಬೇರೆಯದು ಮಾಡಿಸಬಹುದಿತ್ತಲ್ಲ ಎಂದ. ಮಾಡಿಸಿದ್ದರಂತೆ. ಹಲಗೆ ಕೆತ್ತುತ್ತಿದ್ದ ಅಜ್ಜ ಸತ್ತಿದ್ದ. ಬಡಗಿ ಕೊಟ್ಟದ್ದು ತಾಯಿಯ ಎಡಗೈಗೆ ಒಗ್ಗದೆ ಗುಡಾಣದ ಹೊಟ್ಟೆ ಬಿರಿಯುತ್ತಿತ್ತು. ಕೇರಿಯಲ್ಲಿ ಗುಡಾಣ ಬಡಿಯುತ್ತಿದ್ದವಳು ಅವಳೊಬ್ಬಳೇ. ಆಮೇಲೆ ಬರೀ ಹೂಕುಂಡ.

ಡ್ರಮ್ಮು ಯಾವಾಗ ಬಂತು ಎಂದು ಕೇಳಿದ. ಹಲಗೆ ಹೋದ ನಾಲ್ಕು ವರ್ಷಕ್ಕೆ, ತನ್ನ ಮದುವೆಗೆ ನೀರು ತುಂಬಲು ಗುಡಾಣವಿಲ್ಲವೆಂದೇ ತಂದದ್ದು ಎಂದಳು. ಪುಸ್ತಕದಲ್ಲಿ ಅವನು ಗುಡಾಣ ನಿಂತದ್ದನ್ನೂ ಡ್ರಮ್ಮು ಬಂದದ್ದನ್ನೂ ಒಂದೇ ವರ್ಷಕ್ಕೆ ಹಾಕಿದ್ದ. ಹಲಗೆ ತಂದ ಮೇಲೆ ಆ ಕೇರಿಗೆ ಕಾಲಿಟ್ಟಿರಲಿಲ್ಲ. ಅಂಕಿಗಳು ಅಂಚೆಯಲ್ಲಿ ಬಂದಿದ್ದವು, ಉಳಿದದ್ದು ಊಹೆ.

“ಆ ಕನ್ನಡಕದವರು ಇನ್ನೂ ಇದ್ದಾರಾ?” ಎಂದು ಕೇಳಿದಳು.

“ಇಲ್ಲ” ಎಂದುಬಿಟ್ಟ.

“ಅಮ್ಮ ಕೊನೇವರೆಗೂ ಅವರನ್ನ ಬೈಲಿಲ್ಲ. ಪಾಪ, ಹಲಗೆ ಕಳ್ಕೊಂಡು ಮುಖ ತೋರಿಸೋಕೆ ನಾಚ್ಕೊಂಡಿರಬೇಕು ಅಂತಿದ್ಲು.”

ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಆ ಕನ್ನಡಕದಪ್ಪ ನಾನೇ ಕಣಮ್ಮ. ಹಲಗೆ ಕಳ್ಕೊಂಡಿರಲಿಲ್ಲ.”

ಅವಳು ಬೈಯಲಿಲ್ಲ. ಕೂತಿದ್ದವಳು ಎದ್ದು ನಿಂತಳು, ಅಷ್ಟೇ.

ನಿರ್ದೇಶಕರ ಅಪ್ಪಣೆಯಿಲ್ಲದೆ ಏನನ್ನೂ ಹೊರಗೆ ಕೊಡುವಂತಿರಲಿಲ್ಲ, ಎರವಲು ತಂದದ್ದರ ಹೊರತು. ಅವನು ‘ದಾನ’ ಹೊಡೆದುಹಾಕಿ ‘ಎರವಲು’ ಎಂದು ಬರೆದು ಸಹಿ ಹಾಕಿದ. ಎರಡನೇ ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ಹಲಗೆ ತಂದುಕೊಟ್ಟ. ಹಿಡಿಯ ಮೇಲೆ ವಾರ್ನಿಷ್ ಅಡಿಯಲ್ಲಿ ಶಾಯಿಯ ದಾಖಲೆ ನಂಬರು. ತೊಳೆದರೆ ಹೋಗದು ಎಂದು ತಲೆ ತಗ್ಗಿಸಿ ಹೇಳಿದ.

“ಇರ್ಲಿ ಬಿಡಿ. ಮಣ್ಣಿಗೆ ಓದೋಕೆ ಬರಲ್ಲ.” ಬಾಗಿಲಲ್ಲಿ ತಿರುಗಿದವಳ ಕಣ್ಣು ಮೇಜಿನ ಮೇಲೆ ಕೇರಿಯ ಹೆಸರು ಹೊತ್ತ ಕರಡಿನ ಮೇಲೆ ಬಿತ್ತು. “ನಿಮ್ಮ ಪುಸ್ತಕದಲ್ಲಿ ನಮ್ಮಮ್ಮನ ಹೆಸರಿದೆಯಾ?”

ಅವನನ್ನು ಕೇರಿಗೆ ಕರೆದೊಯ್ದಿದ್ದ ಜೀಪಿನ ಡ್ರೈವರನ ಹೆಸರಿತ್ತು.

“ಇಲ್ಲ” ಎಂದ. ಈ ಸಲ ಅದು ನಿಜ.

ಅವಳು ಹೋದ ಮೇಲೆ ಮುದ್ರಣಾಲಯಕ್ಕೆ ಫೋನು ಮಾಡಿ, “ಅಚ್ಚು ನಿಲ್ಲಿಸಿ, ತಿದ್ದುಪಡಿ ಇದೆ” ಎಂದ. ಎಷ್ಟು ದಿನದಲ್ಲಿ ಕೊಡುತ್ತೀರಿ ಎಂದು ಕೇಳಿದರು. ಎಂಟು ದಿನ ಎನ್ನಲು ಹೋಗಿ ತಡೆದುಕೊಂಡ. ಫೋನಿಟ್ಟು, ಆಗಲೇ ಬರೆಯಲು ಕೂತ.