ಗೇಣುದ್ದದ ಮೌನ

ಗದ್ವಾಲದ ನೇಕಾರರ ಓಣಿಯಲ್ಲಿ ತಿರುಪತಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಓಣಿಯ ಬಾಯಲ್ಲಿ ನಿಂತು ಕಿವಿಗೊಟ್ಟರೆ ಸಾಕಿತ್ತು. ಮಗ್ಗದ ಸದ್ದಿನ ಮೇಲೆ ಸವಾರಿ ಮಾಡುತ್ತ ಅವಳ ಗಂಟಲು ಬರುತ್ತಿತ್ತು: "ಹಿಡೀರಿ... ಬಿಡ್ರಿ... ಅಯ್ಯ, ಎಳಿ ತಪ್ಪಿಸಿದ್ರಿ ನೋಡ್ರಿ! ಧ್ಯಾನ ಎಲ್ಲೈತಿ ನಿಮ್ದು?" ಅಷ್ಟೂ ಬೈಗುಳ ಒಬ್ಬನೇ ಮನುಷ್ಯನ ಪಾಲಿನದು. ಅವನು ಅವಳ ಗಂಡ ಮಾರ್ಕಂಡೇಯ. ಅವನನ್ನು ಅದು ಬಾಧಿಸುತ್ತಿದ್ದಂತೆ ಯಾರಿಗೂ ಕಂಡಿರಲಿಲ್ಲ. ಎಂಥ ಬೈಗುಳಕ್ಕೂ "ಹೂಂ ಹೂಂ" ಎನ್ನುತ್ತ ಎಳೆ ಹಿಡಿಯುತ್ತಿದ್ದ, ಪುಣ್ಯಾತ್ಮ.

ಗದ್ವಾಲ ಸೀರೆಯ ಮೈ ಹತ್ತಿಯದು, ಅಂಚು ರೇಷ್ಮೆಯದು. ಎರಡೂ ಕೂಡುವ ಕಡೆ ಒಂದೊಂದು ಎಳೆಗೂ ಹತ್ತಿಯನ್ನು ರೇಷ್ಮೆಗೆ ಕೈಯಿಂದಲೇ ಕೊಂಡಿ ಹಾಕಬೇಕು. ಅದಕ್ಕೇ ಮಗ್ಗದ ಮುಂದೆ ಇಬ್ಬರು ಕೂರುತ್ತಾರೆ, ಈ ಅಂಚಿಗೆ ಒಬ್ಬರು, ಆ ಅಂಚಿಗೆ ಒಬ್ಬರು. ಒಂದು ಕೊಂಡಿ ತಪ್ಪಿದರೂ ಅಲ್ಲೊಂದು ಸೀಳು ಬಿಡುತ್ತದೆ. ಗಂಡ ಹೆಂಡತಿ ಮುನಿಸಿಕೊಂಡು ಬೇರೆ ಬೇರೆ ಕೋಣೆ ಸೇರುವ ಸುಖ ಈ ಕಸುಬಿನವರಿಗಿಲ್ಲ. ಮುನಿಸಿದ್ದರೂ ಮೊಣಕೈಗೆ ಮೊಣಕೈ ತಾಗಿಸಿಯೇ ಕೂರಬೇಕು.

ಆ ವರ್ಷ ಮಗ್ಗದ ಮೇಲಿದ್ದದ್ದು ಸಾಹುಕಾರರ ಸೀರೆಯಲ್ಲ, ಸ್ವಂತ ಮಗಳದು. ನಾರಾಯಣಪೇಟೆಗೆ ಕೊಟ್ಟಿದ್ದ ನವನೀತಾ ಚೊಚ್ಚಲ ಬಸುರಿ. ಅವಳ ಕುಬಸಕ್ಕೆ, ಆ ಸೀಮಂತದ ಶಾಸ್ತ್ರಕ್ಕೆ, ತವರಿನ ಹಸಿರು ಸೀರೆ ಹೋಗಬೇಕಿತ್ತು. ಸಂತೋಷದ ಕೆಲಸವೇ, ಆದರೆ ಆ ಸೀರೆ ತಿರುಪತಮ್ಮನ ನಿದ್ದೆ ತಿಂದುಬಿಟ್ಟಿತು. ಕಾರಣ ಬೀಗತಿ ತ್ರಿವೇಣಿ. ತ್ರಿವೇಣಿಯದೂ ನೇಯುವ ಮನೆಯೇ, ನಾರಾಯಣಪೇಟೆಯ ಮಗ್ಗ. ಮದುವೆಯಲ್ಲಿ ಆಕೆ ಧಾರೆ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಎಳೆದು, "ಗದ್ವಾಲದವರು ಚೊಲೋನ ನೇಯ್ತೀರಿ ಬಿಡ್ರಿ" ಎಂದಿದ್ದಳು. ಆ 'ಬಿಡ್ರಿ' ತಿರುಪತಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಆ ಬೆರಳಿಗೆ ಒಂದು ತಪ್ಪೂ ಸಿಗಬಾರದು ಎಂಬುದೊಂದೇ ಅವಳ ಹಟ. ಹಟ ಹೆಚ್ಚಾದಷ್ಟೂ ಬಾಯಿ ಹೆಚ್ಚಾಯಿತು, ಬಾಯಿ ಹೆಚ್ಚಾದಷ್ಟೂ ಎದೆಬಡಿತ ಹೆಚ್ಚಾಯಿತು. ಹಿಂಗೇ ಕೂಗಾಡಿದರೆ ಹಾಸಿಗೆ ಹಿಡಿಯುತ್ತೀ ಎಂದು ಡಾಕ್ಟರು ಹೇಳಿ ಕಳಿಸಿದರು.

ಮಖ್ತಲಿನಲ್ಲಿದ್ದ ಅವಳ ಅಕ್ಕ ಇದನ್ನು ಕೇಳಿ, ತನ್ನೂರಲ್ಲಿ ಸಂಜೆ ಹೊತ್ತು ಪುರಾಣ ಹೇಳುವ ಮಹಾಂತಯ್ಯನವರ ಮುಂದೆ ತಂಗಿಯನ್ನು ಕೂರಿಸಿದಳು. ಅಂದು ಅಯ್ಯನವರು ಕೃಷ್ಣ ಅರ್ಜುನನಿಗೆ ಹೇಳಿದ ಮಾತನ್ನು ಬಿಡಿಸುತ್ತಿದ್ದರು. "ಕೆಲಸ ನಿಂದೈತಿ, ಫಲ ನಿಂದಲ್ಲ. ಫಲದ ಮ್ಯಾಲಿನ ಕಣ್ಣು ತೆಗದು ನೋಡವ್ವ, ಶಾಂತಿ ತಾನಾಗೇ ಮನಿಗೆ ಬರತೈತಿ." ತಿರುಪತಮ್ಮನಿಗೆ ಆ ಮಾತು ನೆಟ್ಟಗೆ ಎದೆಗೆ ಇಳಿಯಿತು. ಇಳಿಯುವಾಗ ತುಸು ವಾರೆಯಾಗಿ ಇಳಿಯಿತು ಎಂದು ನಾನು ಹೇಳಬೇಕಾಗುತ್ತದೆ. ಗದ್ವಾಲದ ಬಸ್ಸು ಹತ್ತುವಷ್ಟರಲ್ಲಿ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು: ಇನ್ನು ಮಗ್ಗದ ಮುಂದೆ ಬಾಯಿ ಬಿಡುವುದಿಲ್ಲ, ಗಂಡನ ಕಡೆಯ ಅಂಚನ್ನು ಕಣ್ಣೆತ್ತಿ ನೋಡುವುದಿಲ್ಲ. ನನ್ನ ಪಾಲಿನ ಕೊಂಡಿ ನಾನು ಹಾಕುತ್ತೇನೆ, ಮಿಕ್ಕದ್ದು ದೇವರದು.

ಮರುದಿನ ಅವರ ಮಗ್ಗ ಬರೀ ಮಗ್ಗದ ಸದ್ದು ಮಾಡಿತು. ಮಾರ್ಕಂಡೇಯ ಎರಡು ಸಲ ಅವಳ ಕಡೆ ತಿರುಗಿದ. "ಯಾಕ, ಮೈಯಾಗ ಹುಷಾರ ಇಲ್ಲೇನು?"

"ಹುಷಾರದೀನ್ರಿ. ಶಾಂತ ಆಗೀನಿ."

"ಹೌದಾ? ಚೊಲೋ ಆತು" ಎಂದು ಅವನು ಮತ್ತೆ ತನ್ನ ಅಂಚಿಗೆ ಬಾಗಿದ. ಮೊದಲಿಗಿಂತ ಹೆಚ್ಚು ಬಾಗಿದ್ದ. ಅವಳು ನೋಡಲಿಲ್ಲ, ನೋಡುವುದಿಲ್ಲವೆಂದು ಪಣ ತೊಟ್ಟಿದ್ದಳಲ್ಲ.

ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಎದುರು ಮನೆಯ ಕಿಷ್ಟಪ್ಪ ಹಣಿಕಿ ಹಾಕಿ, "ಏನಕ್ಕಾ, ನಿನ್ನ ದನಿ ಇಲ್ದ ನನಗ ಹೊತ್ತು ಮುಳುಗಿದ್ದು ತಿಳಿವಲ್ದು" ಎಂದ. ಅವಳು ನಕ್ಕಳು, ಬೈಯಲಿಲ್ಲ. ನೀರು ತರಲು ಹೋದಾಗ ಹೆಂಗಸರು "ಎಷ್ಟು ಶಾಂತ ಆಗ್ಯಾಳ ನೋಡು" ಎಂದದ್ದು ಕಿವಿಗೆ ಬಿದ್ದು ಹಿಗ್ಗಿ ಹೀರೇಕಾಯಿಯಾದಳು. ಒಲೆಯ ಮೇಲಿನ ಹಾಲು ನೋಡಿದಂತೆ ದಿನಾ ಸಂಜೆ ತನ್ನ ಶಾಂತಿಯನ್ನು ತಾನೇ ಹೋಗಿ ಹೋಗಿ ನೋಡಿಕೊಳ್ಳುತ್ತಿದ್ದಳು. ಎದೆಬಡಿತ ನಿಜವಾಗಿಯೂ ಕಡಿಮೆಯಾಗಿತ್ತು. ರಾತ್ರಿ ನಿದ್ದೆಯೂ ಬರುತ್ತಿತ್ತು.

ನೇಯ್ದ ಬಟ್ಟೆಯನ್ನು ದಿಂಡಿಗೆ ಸುತ್ತುವ ಕೆಲಸ ಯಾವಾಗಲೂ ಮಾರ್ಕಂಡೇಯನದು. ಒಂದು ಮಧ್ಯಾಹ್ನ ಅವನು ಚಹಾ ಕುಡಿಯಲು ಎದ್ದಿದ್ದ. ಅವಳೇ ದಿಂಡು ತಿರುಗಿಸಿದಳು. ಬಟ್ಟೆ ಸವರಿದ ಅಂಗೈಗೆ ಆ ಕಡೆಯ ಅಂಚಿನಲ್ಲಿ ಏನೋ ಹತ್ತಿತು. ಬಗ್ಗಿ ನೋಡಿದಳು. ಹಸಿರಿಗೂ ರೇಷ್ಮೆಗೂ ನಡುವೆ ಒಂದು ಸೀಳು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹೆಚ್ಚುಕಡಿಮೆ ಒಂದು ಗೇಣು, ಕೊಂಡಿಯೊಂದು ಹಿಡಿದಿದ್ದರೆ ಎರಡು ತಪ್ಪಿದ್ದವು. ಬಿಚ್ಚಿ ನೇಯೋಣವೆಂದರೆ ಬಿಚ್ಚಿದ ರೇಷ್ಮೆ ಜೂಲೆದ್ದು ಮತ್ತೆ ಹೊಳಪಿಗೆ ಬರುವುದಿಲ್ಲ, ಆ ಬಣ್ಣದ ನೂಲು ಬೇರೆ ಮುಗಿಯುತ್ತ ಬಂದಿತ್ತು. ಅವಳ ಶಾಂತಿ ಅಲ್ಲೇ, ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಬಿತ್ತು.

"ಇಲ್ಲಿ ಬರ್ರಿ!" ಎಂದು ಅವಳು ಕೂಗಿದ್ದು ಓಣಿಯ ಬಾಯಿಗೂ ಕೇಳಿಸಿತು. ಅವನು ಚಹಾ ಲೋಟದ ಸಮೇತ ಬಂದ. "ಏನ್ ಮಾಡೀರಿ ಇದು? ಮಗಳ ಸೀರಿ ಇದು! ಎಲ್ಲಿತ್ತು ನಿಮ್ಮ ಧ್ಯಾನ? ನೋಡ್ರಿ, ಕಾಣ್ತೈತಿಲ್ಲ?"

ಮಾರ್ಕಂಡೇಯ ಬಗ್ಗಿದ. ಬೆರಳಿಂದ ತಡವಿದ. ಬೆರಳು ಸೀಳಿನ ಪಕ್ಕದಲ್ಲೇ ಹಾದುಹೋಯಿತು.

"ಕಾಣವಲ್ದು" ಎಂದ, ಮೆಲ್ಲಗೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕಣ್ಣಗುಡ್ಡೆಯ ಮೇಲೆ ಬೂದಿ ಬಣ್ಣದ ಪೊರೆ. ಹಗಲೆಲ್ಲ ಪಕ್ಕದಲ್ಲೇ ಕೂತವಳು ಅದನ್ನು ನೋಡಿರಲಿಲ್ಲ, ಅವಳ ಕಣ್ಣು ಎಂದೂ ಎಳೆಯ ಮೇಲೆಯೇ.

"ಯಾವಾಗಿನಿಂದ?"

"ಉಗಾದಿ ಹಿಂದ ಮುಂದ."

"ಮತ್ತ ಇಷ್ಟು ದಿನ ಹೆಂಗ ನೇಯ್ದ್ರಿ?"

"ನಿನ್ನ ಮಾತಿತ್ತಲ್ಲ" ಎಂದ ಅವನು, ಇದು ಹೇಳುವ ಸಂಗತಿಯೇ ಎಂಬಂತೆ. "ನೀ ಹಿಡೀರಿ ಅಂದ್ರ ಹಿಡೀತಿದ್ದೆ, ಬಿಡ್ರಿ ಅಂದ್ರ ಬಿಡ್ತಿದ್ದೆ. ತಪ್ಪಿದ್ರ ಬೈತಿದ್ದಿ, ಮತ್ತ ಹುಡುಕಿ ಹಿಡೀತಿದ್ದೆ. ಬರಾಬರಿ ನಡದಿತ್ತು."

"ನಾ ಸುಮ್ನಾದ ಮ್ಯಾಲ ಬಾಯಿಬಿಟ್ಟು ಹೇಳಬೇಕಿಲ್ಲೇನು?"

ಅವನು ಲೋಟವನ್ನು ಕೆಳಗಿಡಲು ಜಾಗ ತಡಕಾಡಿದ. "ಅಲ್ಲ, ಇಷ್ಟು ವರ್ಷಕ್ಕ ನಿನಗೊಂದು ಶಾಂತಿ ಸಿಕ್ಕಿತ್ತು. ರಾತ್ರಿ ಕಣ್ತುಂಬ ನಿದ್ದಿ ಮಾಡ್ತಿದ್ದಿ. ಅದನ್ನ ಹೆಂಗ ಕಸಗೊಳ್ಳಲಿ?"

ತಿರುಪತಮ್ಮ ಮಗ್ಗದ ಗುಂಡಿಯ ಅಂಚಿಗೆ ಕುಸಿದು ಕೂತು ಅತ್ತಳು. ಸೀರೆಗಾಗಿ ಅಳುತ್ತಿದ್ದಾಳೆ ಎಂದು ಅವನು ಸಮಾಧಾನ ಮಾಡತೊಡಗಿದ. ಅವಳು ಅಳುತ್ತಿದ್ದದ್ದು ಅದಕ್ಕಲ್ಲ. ಮಹಾಂತಯ್ಯನವರು ಬಿಡು ಎಂದದ್ದು ಫಲವನ್ನು, ತಾನು ಬಿಟ್ಟದ್ದು ಕೆಲಸವನ್ನು. ಈ ಮಗ್ಗದ ಮುಂದೆ ತನ್ನ ಕೆಲಸ ಬರೀ ಕೊಂಡಿ ಹಾಕುವುದಾಗಿರಲಿಲ್ಲ. ಫಲವನ್ನಾದರೂ ಬಿಟ್ಟಳೇ? ಓಣಿಯವರ ಹೊಗಳಿಕೆಯನ್ನು ಬಾಯಿ ಚಪ್ಪರಿಸಿ ತಿಂದಿದ್ದಳು. ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು, ಪಕ್ಕದಲ್ಲಿ ನಿಂತ ಈ ಮನುಷ್ಯನ ಮೇಲೆ ಹೇಳಲಾಗದಷ್ಟು ಪ್ರೀತಿ ಬಂತು.

ಕಣ್ಣೊರೆಸಿಕೊಂಡು ಎದ್ದಳು. "ಕುಬಸ ಮುಗದ ಮಾರನೇ ದಿನಾನ ಕಣ್ಣಿನ ಡಾಕ್ಟರಿಗೆ ತೋರಸೋದು. ಈಗ ಕುಂದರ್ರಿ. ಹಿಡೀರಿ... ಬಿಡ್ರಿ..." ಕಿಷ್ಟಪ್ಪ ಎದುರು ಮನೆಯಿಂದ "ಬಂತಪ್ಪ ದನಿ!" ಎಂದು ಕೂಗಿದ.

ಸೀರೆ ಮುಗಿಯಿತು. ಆ ಗೇಣು ಹಾಗೇ ಉಳಿಯಿತು. ನಾರಾಯಣಪೇಟೆಯ ಬಸ್ಸಿನಲ್ಲಿ ತಿರುಪತಮ್ಮನ ಎದೆ ಮತ್ತೆ ಬಡಿದುಕೊಳ್ಳತೊಡಗಿತು. ದಾರಿಯುದ್ದಕ್ಕೂ ಒಂದೊಂದು ಸುಳ್ಳು ಹೊಸೆದಳು: ಇಲಿ ಕಡಿಯಿತು ಎನ್ನಲೇ, ನೂಲೇ ಕೆಟ್ಟದ್ದು ಬಂದಿತ್ತು ಎನ್ನಲೇ. ಗಂಡನ ಕಣ್ಣಿನ ವಿಷಯ ಮಾತ್ರ ಬೀಗರ ಮುಂದೆ ತೆಗೆಯುವುದಿಲ್ಲ, ಕೈ ನಿಂತ ನೇಕಾರ ಅನ್ನಿಸಿಕೊಳ್ಳುವುದು ಅವನಿಗೆ ಬೇಡ.

ಬೀಗರ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ತ್ರಿವೇಣಿ ಸೀರೆಯ ಮಡಿಕೆ ಬಿಚ್ಚಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುತ್ತ ಹೋದಳು. ಬೆರಳು ನಿಂತಿತು.

"ಇದೇನಾತ್ರೀ ಬೀಗತಿ, ಇಲ್ಲಿ?"

ತಿರುಪತಮ್ಮ ಗಂಡನ ಕಡೆ ನೋಡಿದಳು. ಬೆರಳು ಎಲ್ಲಿ ನಿಂತಿದೆಯೆಂದು ಅವನಿಗೆ ಕಂಡಿರಲಿಲ್ಲ. ಕಂಬಕ್ಕೆ ಒರಗಿ, ಮಗಳು ಅಲ್ಲೇ ಇದ್ದಾಳೆಂದು ಭಾವಿಸಿ, ಬಾಗಿಲಲ್ಲಿ ನಿಂತ ಯಾರೋ ಹೆಂಗಸಿನ ಕಡೆ ನೋಡುತ್ತ ತುಂಬು ಮುಖದಿಂದ ನಗುತ್ತಿದ್ದ. ಹೊಸೆದಿಟ್ಟ ಸುಳ್ಳುಗಳೆಲ್ಲ ಅವಳ ಮನಸ್ಸಿನಿಂದ ಜಾರಿಹೋದವು. ಆ ಬೆರಳಿನ ಭಯ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ನೇಯುವುದಿತ್ತು, ನೇಯ್ದಾಗಿತ್ತು. ಏನಾದರೂ ಅಂದುಕೊಳ್ಳಲಿ.

"ಅಲ್ಲಿ ಒಂದು ಗೇಣು ನಾ ಇವರ ಕೂಡ ಮಾತಾಡ್ಲಿಲ್ರೀ" ಎಂದಳು. "ತಪ್ಪು ನಂದ."

ತ್ರಿವೇಣಿ ಅವಳನ್ನು ನೋಡಿದಳು, ಕಂಬದ ಕಡೆ ನೋಡಿದಳು. ಅವಳೂ ಗಂಡನ ಮೊಣಕೈಗೆ ಮೊಣಕೈ ತಾಗಿಸಿ ನೇಯ್ದವಳೇ. ಸೀರೆಯನ್ನು ನವನೀತಾಳ ಹೆಗಲಿಗೆ ಹಾಕಿ, ಆ ಗೇಣನ್ನು ಎದೆಯ ಮೇಲೆ ಬರುವಂತೆ ಸರಿಮಾಡಿ ಅವಳನ್ನು ಎಲ್ಲರೆದುರು ನೆಟ್ಟಗೆ ನಿಲ್ಲಿಸಿದಳು.

"ಆ ಕಡಿ ಅಲ್ರೀ" ಎಂದು ತಿರುಪತಮ್ಮ ಗಂಡನಿಗೆ ಕೂಗಿ ಹೇಳಿದಳು. "ಈ ಕಡಿ, ನನ್ನ ಕಡಿ ತಿರುಗ್ರಿ. ಮಗಳು ಇಲ್ಲಿ ನಿಂತಾಳ."

ಮಾರ್ಕಂಡೇಯ ಆ ದನಿಯ ಕಡೆ ತಿರುಗಿದ. ಅವನ ನಗು ನೇರವಾಗಿ ಮಗಳ ಮುಖಕ್ಕೆ ಬಂದು ಮುಟ್ಟಿತು.